‘ನಮ್ಮ ಹಲ್ಲಿಗೆ ಬನ್ನಿ’ ಎಂದು ಬರೆದವರು ದಡ್ಡರೇ?

ಕಳೆದ ಸಂಚಿಕೆಯ ಇದೇ ಅಂಕಣದಲ್ಲಿ ‘ಹಾರ್ದಿಕ’ ಎಂದಿರಬೇಕಾದ ಕಡೆ ‘ಹಾರ್ಧಿಕ’ ಎಂದು ಅಚ್ಚಾಗಿತ್ತು. ಬೆರಳಚ್ಚಿನವರ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು, ಆದರೆ ಕರಡನ್ನು ಎರಡು ಸಲ ತಿದ್ದಿದವನು ನಾನೇ. ಅದನ್ನು ಗುರುತಿಸಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸೌಜನ್ಯದವು. ಒಂದು ಮಾತ್ರ ‘ಇಷ್ಟೂ ತಿಳಿಯದವರು ಇನ್ನೊಬ್ಬರ ಪ್ರಶ್ನೆಗೆ ಉತ್ತರ ಹೇಳಲು ಕೂರಬಾರದು’ ಎಂದು ಗದರಿತ್ತು. ಅದೇ ಟಪಾಲಿನಲ್ಲಿ ಕಾಗುಣಿತಕ್ಕೂ ಬುದ್ಧಿಗೂ ಇರುವ ಸಂಬಂಧದ ಬಗ್ಗೆಯೇ ಕೆಲವು ಪ್ರಶ್ನೆಗಳು ಬಂದಿರುವುದರಿಂದ ಈ ಸಲದ ಜಾಗವನ್ನೆಲ್ಲ ಅವಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ 32 ವರ್ಷ ಕನ್ನಡ ಕಲಿಸಿ ನಿವೃತ್ತನಾದವನು. ಹಳೆಯ ವಿದ್ಯಾರ್ಥಿಗಳು ಮಾಡಿಕೊಂಡಿರುವ ವಾಟ್ಸಾಪ್ ಗುಂಪಿನಲ್ಲಿ ನನ್ನನ್ನೂ ಸೇರಿಸಿದ್ದಾರೆ. ಬೆಳಿಗ್ಗೆ ಎದ್ದು ಫೋನು ತೆಗೆದರೆ ‘ದನ್ಯವಾದ’, ‘ಶುಭಾಷಯ’ಗಳ ಸಾಲು. ಮೊನ್ನೆ ಒಬ್ಬ ‘ಜಾತ್ರೆಗೆ ನಮ್ಮ ಹಲ್ಲಿಗೆ ಬನ್ನಿ’ ಎಂದು ಎಲ್ಲರನ್ನೂ ಕರೆದಿದ್ದ. ಒಂದು ಸಾಲನ್ನು ನೆಟ್ಟಗೆ ಬರೆಯಲಾರದವರ ವಿಚಾರವೂ ಅಷ್ಟಕ್ಕಷ್ಟೇ ಇರುತ್ತದೆ ಎಂದುಕೊಂಡು ಅಂಥವರು ಬರೆದದ್ದನ್ನು ಓದುವುದನ್ನೇ ಬಿಟ್ಟಿದ್ದೇನೆ. ಇದು ತಪ್ಪೇ?
— ನಿವೃತ್ತ ಶಿಕ್ಷಕ, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ತಪ್ಪು ಎಂದೇ ಹೇಳಬೇಕಾಗಿದೆ, ಕ್ಷಮಿಸಿ. ನೀವು ಹೆಸರಿಸಿದ ಮೂರು ತಪ್ಪುಗಳು ಮೂರು ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದವು. ಮೂರಕ್ಕೂ ಒಂದೇ ಶಿಕ್ಷೆ ವಿಧಿಸುವ ಮೊದಲು ಅವುಗಳ ಹುಟ್ಟನ್ನು ನೋಡೋಣ.

ಜಾತ್ರೆಗೆ ಕರೆದವರಿಗೆ ತಮ್ಮ ಊರಿಗೂ ಗೋಡೆಯ ಮೇಲೆ ಹರಿದಾಡುವ ಜಂತುವಿಗೂ ವ್ಯತ್ಯಾಸ ಗೊತ್ತಿಲ್ಲ ಎಂದು ನೀವೂ ನಂಬಿರಲಾರಿರಿ. ಅವರು ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಕನ್ನಡ ಮೂಡಿಸುವ ಕೀಲಿಮಣೆಯನ್ನು ಬಳಸಿರಬೇಕು. ಎಚ್, ಎ, ಎಲ್, ಎಲ್, ಐ ಎಂದು ಐದು ಅಕ್ಷರ ಒತ್ತಿದರೆ ಆ ಕೀಲಿಮಣೆಗೆ ಹಳ್ಳಿಯೂ ಒಂದೇ, ಹಲ್ಲಿಯೂ ಒಂದೇ. ಎರಡನ್ನೂ ಮೇಲ್ಗಡೆ ಪಕ್ಕಪಕ್ಕದಲ್ಲಿ ತೋರಿಸಿ ಸುಮ್ಮನಾಗುತ್ತದೆ. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವನ ಹೆಬ್ಬೆರಳು ಅರ್ಧ ಅಂಗುಲ ಆಚೆ ತಟ್ಟಿದರೆ ಊರು ಹಲ್ಲಿಯಾಗುತ್ತದೆ. ಗಣಕದಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸದಂತೆ ಬೆರಳಚ್ಚು ಮಾಡುವವರ ಪಾಡೂ ಬಹಳ ಬೇರೆಯಲ್ಲ. ಅಲ್ಲಿ ‘ಲ’ ಮತ್ತು ‘ಳ’ಗೆ ಒಂದೇ ಕೀಲಿ, ‘ನ’ ಮತ್ತು ‘ಣ’ಗೆ ಒಂದೇ ಕೀಲಿ, ‘ದ’ ಮತ್ತು ‘ಧ’ಗೆ ಒಂದೇ ಕೀಲಿ, ಕಿರುಬೆರಳು ಶಿಫ್ಟನ್ನು ಒತ್ತಿತೋ ಇಲ್ಲವೋ ಎಂಬುದಷ್ಟೇ ಅವುಗಳ ನಡುವಿನ ಅಂತರ.

‘ದನ್ಯವಾದ’ದ ಹುಟ್ಟು ಬೆರಳಿನಲ್ಲಲ್ಲ, ನಾಲಿಗೆಯಲ್ಲಿದೆ. ನಮ್ಮ ವರ್ಣಮಾಲೆಯ 49 ಅಕ್ಷರಗಳಲ್ಲಿ 10 ಮಹಾಪ್ರಾಣಗಳು. ಅಚ್ಚಗನ್ನಡದ ಪದಗಳಿಗೆ ಅವುಗಳ ಅಗತ್ಯವೇ ಇಲ್ಲವೆನ್ನುವಷ್ಟು ಕಡಿಮೆ. ಸಂಸ್ಕೃತ ಮೊದಲಾದ ಭಾಷೆಗಳಿಂದ ಬಂದ ಮಾತುಗಳ ಬೆನ್ನೇರಿ ಅವು ಬಂದವು. ದಿನಬಳಕೆಯ ಮಾತಿನಲ್ಲಿ ನಮ್ಮಲ್ಲಿ ಬಹಳ ಮಂದಿ ಭೂಮಿಯನ್ನು ಬೂಮಿ ಎಂದೇ, ಧರ್ಮವನ್ನು ದರ್ಮ ಎಂದೇ ನುಡಿಯುತ್ತೇವೆ. ಕಿವಿಗೆ ಬೀಳದ ಧ್ವನಿಯನ್ನು ಕೈ ಸರಿಯಾಗಿ ಬರೆಯಬೇಕಾದರೆ ಕಣ್ಣು ಆ ಪದವನ್ನು ಅಚ್ಚಿನಲ್ಲಿ ನೂರಾರು ಸಲ ಕಂಡಿರಬೇಕು. ಎಂದರೆ ಮನೆಯಲ್ಲಿ ಪತ್ರಿಕೆ ಬರುತ್ತಿರಬೇಕು, ಶಾಲೆಯಲ್ಲಿ ಪುಸ್ತಕದ ಕಪಾಟಿಗೆ ಬೀಗ ಹಾಕಿರಬಾರದು. ‘ದನ್ಯವಾದ’ ಎಂದು ಬರೆದವನ ಬಗ್ಗೆ ಆ ಒಂದು ಅಕ್ಷರ ಏನಾದರೂ ತಿಳಿಸುವುದಾದರೆ ಅದು ಅವನ ಬಾಲ್ಯದಲ್ಲಿ ಎಷ್ಟು ಅಚ್ಚಿನ ಕಾಗದ ಕೈಗೆ ಸಿಕ್ಕಿತ್ತು ಎಂಬುದನ್ನು ಮಾತ್ರ.

ಇನ್ನೊಂದು ಸೋಜಿಗವಿದೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ ಅವರು ಕನ್ನಡ ಬರಹಕ್ಕೆ ಮಹಾಪ್ರಾಣಗಳು ಬೇಡವೆಂದು ವಾದಿಸಿದ್ದಷ್ಟೇ ಅಲ್ಲ, ತಮ್ಮ ಕೃತಿಗಳ ಮೇಲೆ ಸ್ವಂತ ಹೆಸರನ್ನೇ ‘ಬಟ್’ ಎಂದು ಅಚ್ಚು ಹಾಕಿಸಿದರು. ಅವರ ವಾದವನ್ನು ನಾನು ಪೂರ್ತಿ ಒಪ್ಪಿದವನಲ್ಲ. ಧನವೂ ದನವೂ ಬೇರೆ ಬೇರೆಯಾಗಿಯೇ ಇರಲಿ ಎಂಬ ಪಕ್ಷ ನನ್ನದು. ಆದರೆ ಅವರನ್ನು ವಿರೋಧಿಸಿದವರು ಕೂಡ ಅವರಿಗೆ ಬುದ್ಧಿ ಸಾಲದು ಎನ್ನಲಿಲ್ಲ, ಅವರ ಕಾರಣಗಳಿಗೆ ಎದುರು ಕಾರಣ ಕೊಟ್ಟರು. ವಿದ್ವಾಂಸರು ಬಿಟ್ಟ ಮಹಾಪ್ರಾಣ ಸಿದ್ಧಾಂತವಾಗುತ್ತದೆ, ನಿಮ್ಮ ಹಳೆಯ ವಿದ್ಯಾರ್ಥಿ ಬಿಟ್ಟದ್ದು ದಡ್ಡತನವಾಗುತ್ತದೆ ಎಂದರೆ ನಾವು ಅಳೆಯುತ್ತಿರುವುದು ಅಕ್ಷರವನ್ನಲ್ಲ, ಬರೆದವನ ಸ್ಥಾನಮಾನವನ್ನು.

ಮೂರನೆಯದು ‘ಶುಭಾಷಯ’. ಶುಭ ಮತ್ತು ಆಶಯ ಸೇರಿ ಶುಭಾಶಯ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆದರೆ ಭಾಷೆ, ಭಾಷಣ, ಭಾಷಾಂತರ ಎಂದು ‘ಭಾ’ದ ಪಕ್ಕದಲ್ಲಿ ಸದಾ ‘ಷ’ವನ್ನೇ ಕಂಡ ಕಣ್ಣು ಇಲ್ಲಿಯೂ ಅದನ್ನೇ ನಿರೀಕ್ಷಿಸುತ್ತದೆ. ನನ್ನ ‘ಹಾರ್ಧಿಕ’ವೂ, ಫ್ಲೆಕ್ಸುಗಳ ಮೇಲೆ ಮೆರೆಯುವ ‘ವಿಧ್ಯಾರ್ಥಿ’ಯೂ ಇದೇ ಜಾತಿಯವು. ಗೌರವದ ಮಾತುಗಳಿಗೆ ಒಂದು ತೂಕ ಇರುತ್ತದೆ, ಆ ತೂಕ ಮಹಾಪ್ರಾಣದಲ್ಲಿರುತ್ತದೆ ಎಂದು ಮನಸ್ಸು ತಾನೇ ಒಂದು ನಿಯಮ ಕಟ್ಟಿಕೊಂಡು ಅದನ್ನು ಅಗತ್ಯವಿಲ್ಲದ ಕಡೆಗೂ ಅನ್ವಯಿಸಿದಾಗ ಇಂಥವು ಹುಟ್ಟುತ್ತವೆ. ನಿಯಮ ತಪ್ಪಿರಬಹುದು, ಆದರೆ ನಿಯಮ ಕಟ್ಟುವುದು ಬುದ್ಧಿಯ ಕೆಲಸವೇ.

ನೀವು ವ್ಯಾಕರಣ ಬಲ್ಲವರಾದ್ದರಿಂದ ಕೇಶಿರಾಜನನ್ನು ನೆನಪಿಸುತ್ತೇನೆ. 13ನೆಯ ಶತಮಾನದ ಆ ವೈಯಾಕರಣ ‘ಶಬ್ದಮಣಿದರ್ಪಣ’ದಲ್ಲಿ, ಹಳಗನ್ನಡದಲ್ಲಿದ್ದು ಈಗ ಬಿಟ್ಟುಹೋಗಿರುವ ‘ೞ’ ಎಂಬ ಅಕ್ಷರವಿರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಜನರ ಬಾಯಲ್ಲಿ ‘ೞ’ ಮತ್ತು ‘ಳ’ಗಳ ಭೇದ ಗಟ್ಟಿಯಾಗಿ ಉಳಿದಿದ್ದರೆ ಪಟ್ಟಿಯ ಅಗತ್ಯವೇ ಬೀಳುತ್ತಿರಲಿಲ್ಲ. ಮೞೆ, ಕೋೞಿ, ಬಾೞೆ, ಏೞು ಎಂದು ಅವನು ಕಾಪಾಡಲು ಹೊರಟ ರೂಪಗಳು ಒಂದೂ ಉಳಿಯಲಿಲ್ಲ. ಇಂದು ನಿಮ್ಮ ತೀರ್ಥಹಳ್ಳಿಯ ಮಳೆಯನ್ನು ‘ಮಳೆ’ ಎಂದು ಬರೆಯುವ ನೀವೂ ನಾನೂ ಕೇಶಿರಾಜನ ಲೆಕ್ಕದಲ್ಲಿ ತಪ್ಪಿತಸ್ಥರು. ಅಷ್ಟೇಕೆ, ಆ ಸಂದೇಶದಲ್ಲಿ ಕೆಟ್ಟುಹೋದ ‘ಹಳ್ಳಿ’ಯೇ ಒಂದು ಕಾಲಕ್ಕೆ ‘ಪಳ್ಳಿ’. ಪಾಲು ಹಾಲಾದದ್ದು, ಪೂವು ಹೂವಾದದ್ದು ಅದೇ ದಾರಿಯಲ್ಲಿ. ಹಳೆಯ ಮೈಸೂರಿನ ಕಡೆಯವರು ಆ ‘ಹ’ವನ್ನೂ ಬಿಟ್ಟು ‘ಆಲು’ ಎಂದರೆ ಮಾತ್ರ ನಮಗೆ ನಗು ಬರುತ್ತದೆ. ‘ಪ’ವನ್ನು ಬಿಟ್ಟ ಪೂರ್ವಿಕರ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ.

ಹಾಗಾದರೆ ತಿದ್ದುವುದೇ ಬೇಡವೇ ಎಂದು ಕೇಳುತ್ತೀರಿ. ಖಂಡಿತ ತಿದ್ದಿ, ಅದು ನಿಮ್ಮ ವಿದ್ಯೆ, ಅವರು ಇನ್ನೂ ನಿಮ್ಮ ಮಕ್ಕಳೇ. ಆದರೆ ನೂರೈವತ್ತು ಜನರ ಗುಂಪಿನಲ್ಲಿ ಬೇಡ, ಅವರೊಬ್ಬರಿಗೇ ಬರೆಯಿರಿ, ‘ಜಾತ್ರೆಗೆ ಬರುತ್ತೇನೆ’ ಎಂಬ ಮಾತನ್ನು ಮೊದಲು ಬರೆದು ‘ಳ’ದ ವಿಷಯವನ್ನು ಆಮೇಲೆ ಹೇಳಿ. ಗುಂಪಿನಲ್ಲಿ ತಿದ್ದಿಸಿಕೊಂಡವನು ಸರಿಯಾಗಿ ಬರೆಯುವುದನ್ನು ಕಲಿಯುವುದಿಲ್ಲ, ಬರೆಯುವುದನ್ನೇ ಬಿಡುತ್ತಾನೆ.

ಪ್ರಶ್ನೆ: ನಮ್ಮೂರ ಕೆರೆಯ ಹೂಳೆತ್ತಿದ ಖರ್ಚನ್ನು ಒಂದು ಫಲಕದಲ್ಲಿ ಬರೆದಿದ್ದಾರೆ. ಮೂರು ಕಂತುಗಳು: 4.20 ಲಕ್ಷ, 3.75 ಲಕ್ಷ, 2.90 ಲಕ್ಷ. ಒಟ್ಟು ಎಂದು 12.85 ಲಕ್ಷ ತೋರಿಸಿದ್ದಾರೆ. ನಾನು ಅದರ ಚಿತ್ರ ತೆಗೆದು ‘ಪಲಕದಾಗ ಕೂಡಿಸೋದು ತಪ್ಪು ಮಾಡ್ಯಾರ’ ಎಂದು ಫೇಸ್‌ಬುಕ್‌ನಲ್ಲಿ ಹಾಕಿದೆ. ಲೆಕ್ಕದ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ‘ಫಲಕ ಎಂದು ಬರೆಯಲು ಬಾರದವಳು ಫಲಕ ಓದುತ್ತಾಳಂತೆ’ ಎಂದು ನಗೆಯಾಡಿದರು. ನಾಚಿಕೆಯಾಗಿ ಅಳಿಸಿಬಿಟ್ಟೆ. ನಾನು ಪಿಯುಸಿವರೆಗೆ ಓದಿದ್ದೇನೆ.
— ಓದುಗಿ, ಗದಗ ಜಿಲ್ಲೆ

ಉತ್ತರ: ನಾನೂ ಕೂಡಿಸಿ ನೋಡಿದೆ. 10.85 ಲಕ್ಷವೇ. ಎರಡು ಲಕ್ಷದ ವ್ಯತ್ಯಾಸವನ್ನು ಕಂಡವರು ನೀವು, ಒಂದು ‘ಫ’ದ ವ್ಯತ್ಯಾಸವನ್ನು ಕಂಡವರು ಅವರು, ಯಾರ ಕಣ್ಣು ಚುರುಕು ಎಂಬುದನ್ನು ಊರವರು ತೀರ್ಮಾನಿಸಲಿ. ಕೂಡಿಸಿದ್ದಕ್ಕೆ ಉತ್ತರವಿಲ್ಲದವರು ಕಾಗುಣಿತ ಹಿಡಿಯುವುದು ಕುಣಿಯಲಾರದವಳು ನೆಲ ಡೊಂಕು ಎಂದಂತೆ.

ನಿಮ್ಮ ಒಂದೇ ವಾಕ್ಯದಲ್ಲಿ ಎರಡು ಬೇರೆ ಸಂಗತಿಗಳಿವೆ ಎಂಬುದನ್ನು ಮಾತ್ರ ಗಮನಿಸಿ. ‘ಪಲಕ’ ಎಂಬುದು ಬರಹದ ತಪ್ಪು, ತಿದ್ದಿಕೊಳ್ಳಿ. ‘ಮಾಡ್ಯಾರ’ ಎಂಬುದು ತಪ್ಪೇ ಅಲ್ಲ, ಅದು ನಿಮ್ಮ ಸೀಮೆಯ ಕನ್ನಡ. 1973ರ ಜ್ಞಾನಪೀಠ ಪ್ರಶಸ್ತಿ ಬೇಂದ್ರೆಯವರ ‘ನಾಕುತಂತಿ’ಗೆ ಬಂದಾಗ ಅದನ್ನು ‘ನಾಲ್ಕುತಂತಿ’ ಎಂದು ತಿದ್ದಿ ತನ್ನಿ ಎಂದು ಯಾರೂ ಹಿಂದಕ್ಕೆ ಕಳಿಸಲಿಲ್ಲ. ಧಾರವಾಡದ ಮಾತು ಕವಿತೆಗೆ ಸಲ್ಲುವುದಾದರೆ ಕೆರೆಯ ಲೆಕ್ಕಕ್ಕೆ ಏಕೆ ಸಲ್ಲಬಾರದು?

ನಕ್ಕವರ ಬಗ್ಗೆಯೂ ಒಂದು ಮಾತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜೂಲಿ ಬೋಲಂಡ್ ಮತ್ತು ರಾಬಿನ್ ಕ್ವೀನ್ ಎಂಬ ಸಂಶೋಧಕರು 2016ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಮನೆಯಲ್ಲಿ ಜೊತೆಗಿರಲು ಜಾಗ ಕೇಳಿ ಬರೆದಂತಹ ಇಮೇಲ್‌ಗಳನ್ನು 83 ಜನರಿಗೆ ಓದಲು ಕೊಟ್ಟು, ಬರೆದವರು ಹೇಗೆನಿಸುತ್ತಾರೆ ಎಂದು ಕೇಳಿದ್ದರು. ಕೆಲವು ಪತ್ರಗಳಲ್ಲಿ ಬೆರಳಚ್ಚಿನ ತಪ್ಪುಗಳನ್ನು, ಕೆಲವದರಲ್ಲಿ ವ್ಯಾಕರಣದ ತಪ್ಪುಗಳನ್ನು ಬೇಕೆಂದೇ ಸೇರಿಸಲಾಗಿತ್ತು. ತಪ್ಪಿರುವ ಪತ್ರ ಬರೆದವರ ಬಗ್ಗೆ ಒಟ್ಟಾರೆ ಅಭಿಪ್ರಾಯ ಕೆಳಗಿಳಿಯಿತು, ಇದು ನಿರೀಕ್ಷಿತವೇ. ಆದರೆ ಎಷ್ಟು ಇಳಿಯಿತು ಎಂಬುದು ಓದಿದವರ ಸ್ವಭಾವದ ಮೇಲೆ ನಿಂತಿತ್ತು: ಅಂತರ್ಮುಖಿಗಳು ಬಹಿರ್ಮುಖಿಗಳಿಗಿಂತ ಕಟುವಾಗಿದ್ದರು, ಇತರರೊಡನೆ ಸುಲಭವಾಗಿ ಹೊಂದಿಕೊಳ್ಳದವರು ವ್ಯಾಕರಣದ ತಪ್ಪಿಗೆ ಹೆಚ್ಚು ಸಿಡುಕಿದರು. 83 ಜನರ ಮಾತನ್ನು ಲೋಕದ ಮಾತೆಂದು ಹೇಳಲಾಗದು. ಆದರೂ ಅಕ್ಷರದ ತಪ್ಪಿನ ಮೇಲೆ ಕೊಟ್ಟ ತೀರ್ಪು ಬರೆದವರಿಗಿಂತ ಓದಿದವರ ಗುಣವನ್ನು ಹೆಚ್ಚು ಹೇಳಬಹುದು ಎಂಬ ಅನುಮಾನಕ್ಕೆ ಅದರಲ್ಲಿ ಆಧಾರವಿದೆ.

ನೀವು ಈಗ ಮಾಡಬೇಕಾದದ್ದು ನಾಚಿಕೆಪಡುವುದಲ್ಲ. ಆ ಚಿತ್ರ ಇನ್ನೂ ಫೋನಿನಲ್ಲಿದ್ದರೆ, ಖರ್ಚಿನ ಬಿಲ್ಲುಗಳ ಪ್ರತಿ ಕೇಳಿ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಅರ್ಜಿ ಹಾಕಿ. ಆ ಕಾಯ್ದೆಯ 6ನೆಯ ಕಲಮಿನಲ್ಲಿ ಒಂದು ಒಳ್ಳೆಯ ಮಾತಿದೆ: ಬರವಣಿಗೆಯಲ್ಲಿ ಕೋರಿಕೆ ಸಲ್ಲಿಸಲಾಗದವರು ಬಾಯಿಮಾತಿನಲ್ಲಿ ಕೇಳಿದರೆ, ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಲೆಕ್ಕ ಕೇಳುವ ಹಕ್ಕಿಗೆ ಕಾನೂನು ಅಕ್ಷರಜ್ಞಾನವನ್ನೇ ಷರತ್ತಾಗಿಸಿಲ್ಲ, ಇನ್ನು ಮಹಾಪ್ರಾಣದ ಮಾತೆಲ್ಲಿ?

ಪ್ರಶ್ನೆ: ನನ್ನ ಮಗ ನಾಲ್ಕನೆಯ ತರಗತಿ. ‘ಮರ’ ಬರೆಯಲು ಹೇಳಿದರೆ ಒಮ್ಮೊಮ್ಮೆ ‘ರಮ’ ಬರೆಯುತ್ತಾನೆ, ಒತ್ತಕ್ಷರಗಳನ್ನು ನುಂಗುತ್ತಾನೆ. ನಮ್ಮ ಕುಟುಂಬದ ಗುಂಪಿನಲ್ಲಿ ಅಜ್ಜನಿಗೆ ಅವನು ಕಳಿಸಿದ ಸಂದೇಶವನ್ನು ಅವನ ದೊಡ್ಡಪ್ಪನ ಮಕ್ಕಳು ಆಡಿಕೊಂಡರು, ‘ಇವನ ತಲೆಯಲ್ಲಿ ಏನೂ ಇಲ್ಲ’ ಎಂದರು. ಆದರೆ ಒಮ್ಮೆ ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ಹೇಳುತ್ತಾನೆ, ಬಾಯಿಲೆಕ್ಕದಲ್ಲಿ ನನಗಿಂತ ಮುಂದಿದ್ದಾನೆ.
— ಒಬ್ಬ ತಾಯಿ, ಹಾಸನ

ಉತ್ತರ: ತಾಯಿ, ನಿಮ್ಮ ಪತ್ರ ಓದಿದಾಗ ನನಗೆ ಬೇರೊಬ್ಬ ಹುಡುಗನ ನೆನಪಾಯಿತು. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ತಮ್ಮ ಬಳಿ ಬಂದಿದ್ದ 14 ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ವರ್ಷಗಟ್ಟಲೆ ಕಲಿಸಿದರೂ ಅವನಿಗೆ ಚಿಕ್ಕ ಪದಗಳನ್ನೂ ಸರಿಯಾಗಿ ಬರೆಯಲು ಬರುತ್ತಿರಲಿಲ್ಲ. ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಅಕ್ಷರ ಹಿಂದುಮುಂದು ಮಾಡಿ ಬರೆದು, ಅದರಲ್ಲಿ ತಪ್ಪಿರುವುದನ್ನೂ ಕಾಣದೆ ಕೂತಿದ್ದ. ಅದೇ ಹುಡುಗ 749ನ್ನು 867ರಿಂದ ಬೇಗನೆ, ತಪ್ಪಿಲ್ಲದೆ ಗುಣಿಸಿ ತೋರಿಸಿದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾಗಿದ್ದರೆ ಇವನೇ ಶಾಲೆಯ ಅತ್ಯಂತ ಚುರುಕಿನ ಹುಡುಗನಾಗಿರುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದರು. ಇಂದು ನಾವು ಡಿಸ್ಲೆಕ್ಸಿಯಾ ಎನ್ನುವ ಸ್ಥಿತಿಯ ಮೊದಲ ವೈದ್ಯಕೀಯ ವರದಿಗಳಲ್ಲಿ ಅದೂ ಒಂದು.

ನಿಮ್ಮ ಮಗನಿಗೆ ಅದೇ ಇದೆ ಎಂದು ಪತ್ರ ಓದಿ ಹೇಳುವುದು ನನ್ನ ಕೆಲಸವಲ್ಲ. ಕಣ್ಣು, ಕಿವಿಗಳ ಪರೀಕ್ಷೆ ಮೊದಲು ಆಗಲಿ. ಕನ್ನಡದ ಅಕ್ಷರಗಳು ಮಕ್ಕಳಿಗೆ ಬೇಗನೆ ವಶವಾಗುವಂಥವಲ್ಲ ಎಂಬುದೂ ನೆನಪಿರಲಿ: 34 ವ್ಯಂಜನಗಳ ಕಾಗುಣಿತವೊಂದೇ 400 ರೂಪಗಳನ್ನು ದಾಟುತ್ತದೆ, ಅದರ ಮೇಲೆ ಒತ್ತಕ್ಷರಗಳು, ಮೂರು ನಾಲ್ಕನೆಯ ತರಗತಿಯಲ್ಲಿ ತಡವರಿಸುವ ಎಲ್ಲ ಮಕ್ಕಳಿಗೂ ತೊಂದರೆ ಇದೆಯೆಂದು ಅರ್ಥವಲ್ಲ. ಆದರೂ ನೀವು ಬರೆದಷ್ಟು ಅಂತರ ಬಾಯಿಗೂ ಕೈಗೂ ಇದ್ದರೆ ಮಕ್ಕಳ ಮನಶ್ಶಾಸ್ತ್ರಜ್ಞರಿಂದ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಸೌಲಭ್ಯವಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿರುವುದರಿಂದ, ಪ್ರಮಾಣಪತ್ರವಿದ್ದರೆ ಮುಂದೆ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿಯನ್ನು ಕೇಳಬಹುದು. ಅಲ್ಲಿಯವರೆಗೆ ಅಜ್ಜನಿಗೆ ಅವನು ಧ್ವನಿಸಂದೇಶ ಕಳಿಸಲಿ. ಒಂದು ಮಾತೂ ಬಿಡದೆ ಕಥೆ ಹೇಳುವ ಮೊಮ್ಮಗನನ್ನು ಕೇಳುವುದು ಯಾವ ಅಜ್ಜನಿಗೆ ಬೇಡ?

ಪ್ರಶ್ನೆ: ನಾನು ಚಿಕ್ಕ ಉದ್ದಿಮೆ ನಡೆಸುತ್ತೇನೆ. ಇಮೇಲ್‌ನಲ್ಲಿ ಬರುವ ಕೆಲಸದ ಅರ್ಜಿಗಳಲ್ಲಿ ಕಾಗುಣಿತದ ತಪ್ಪು ಕಂಡರೆ ಅಲ್ಲಿಗೇ ಬದಿಗಿಡುತ್ತೇನೆ. ಸಮಯ ಉಳಿಯುತ್ತದೆ.
— ಉದ್ದಿಮೆದಾರ, ಹುಬ್ಬಳ್ಳಿ

ಉತ್ತರ: ಯಾವ ಕೆಲಸಕ್ಕೆ ಎಂಬುದನ್ನು ನೀವು ಬರೆದಿಲ್ಲ. ಕರಡು ತಿದ್ದುವವರು ಬೇಕಿದ್ದರೆ ಖಂಡಿತ ಬದಿಗಿಡಿ. ಲೇತ್ ಯಂತ್ರ ನಡೆಸುವವರು ಬೇಕಿದ್ದರೆ ಅರ್ಜಿಯನ್ನಲ್ಲ, ಅವರು ತಿರುಗಿಸಿದ ಒಂದು ಬೋಲ್ಟನ್ನು ನೋಡಿ. ಅಕ್ಷರ ತಪ್ಪಿದರೆ ಇನ್ನೊಬ್ಬರಿಗೆ ನಷ್ಟವಾಗುವ ಕೆಲಸಗಳು ಇವೆ, ಅಲ್ಲಿ ನಾನು ನಿಮ್ಮ ಕಡೆಯವನೇ. ಪಹಣಿಯಲ್ಲಿ ‘ಸಿದ್ದಪ್ಪ’, ಆಧಾರ್‌ನಲ್ಲಿ ‘ಸಿದ್ಧಪ್ಪ’ ಎಂದಾದರೆ ಆ ರೈತ ಇಬ್ಬರೂ ತಾನೇ ಎಂದು ಅಫಿಡವಿಟ್ ಮಾಡಿಸಲು ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯಬೇಕು. ಅಂಥ ಕಡೆ ನಾವು ಕೇಳಬೇಕಾದದ್ದು ಎಚ್ಚರಿಕೆಯನ್ನು, ಬುದ್ಧಿವಂತಿಕೆಯನ್ನಲ್ಲ. ಎಚ್ಚರಿಕೆಯನ್ನು ಕೆಲಸ ಕೊಟ್ಟ ಮೇಲೂ ಕಲಿಸಬಹುದು.

ಪ್ರಶ್ನೆ: ‘ಅಂತರರಾಷ್ಟ್ರೀಯ’ ಸರಿಯೋ, ‘ಅಂತಾರಾಷ್ಟ್ರೀಯ’ ಸರಿಯೋ? ಬೇಗ ತಿಳಿಸಿ. ತಪ್ಪು ಬರೆದವರನ್ನು ಬ್ಲಾಕ್ ಮಾಡುತ್ತಿದ್ದೇನೆ.
— ಓದುಗ, ಮಂಗಳೂರು

ಉತ್ತರ: ಸಂಸ್ಕೃತದ ಸಂಧಿಯಂತೆ ‘ಅಂತರ್’ ಎಂಬುದರ ಮುಂದೆ ‘ರಾಷ್ಟ್ರೀಯ’ ಬಂದಾಗ ಮೊದಲಿನ ರೇಫ, ಎಂದರೆ ‘ರ್’, ಲೋಪವಾಗಿ ಅದರ ಹಿಂದಿನ ಸ್ವರ ದೀರ್ಘವಾಗುತ್ತದೆ, ‘ನಿರ್’ ಮತ್ತು ‘ರಸ’ ಸೇರಿ ‘ನೀರಸ’ ಆದಂತೆ, ಆದ್ದರಿಂದ ‘ಅಂತಾರಾಷ್ಟ್ರೀಯ’. ಆದರೆ ಕನ್ನಡದಲ್ಲಿ ‘ಅಂತರ’ ಎಂಬ ಪದ ಸ್ವತಂತ್ರವಾಗಿಯೇ ಬಳಕೆಯಲ್ಲಿದ್ದು, ಅದನ್ನು ‘ರಾಷ್ಟ್ರೀಯ’ದೊಡನೆ ಸೇರಿಸಿ ‘ಅಂತರರಾಷ್ಟ್ರೀಯ’ ಎನ್ನುವವರಿಗೂ ಆಧಾರವಿದೆ, ಪತ್ರಿಕೆಗಳಲ್ಲಿ ಎರಡೂ ನಡೆಯುತ್ತವೆ. ಈಗಾಗಲೇ ಯಾರು ಯಾರನ್ನು ಬ್ಲಾಕ್ ಮಾಡಿದ್ದೀರೋ ಅವರನ್ನೆಲ್ಲ ಬಿಡಿಸಿ, ಇಲ್ಲವೇ ಉಳಿದ ಅರ್ಧ ಜನರನ್ನೂ ಬ್ಲಾಕ್ ಮಾಡಿ ಸಮ ಮಾಡಿಕೊಳ್ಳಿ.